ಕಪ್ಪು ಹೆಸರಿನ ಹಾರ್ಮೋನು

ಮೆಲಟೋನಿನ್

ಶ್ರೀರಾಮನಗರದ ಔಷಧಿ ಅಂಗಡಿಯಲ್ಲಿ ರಾತ್ರಿ ಪಾಳಿ ಮುಗಿಸಿದ ಗಿರಣಿ ಕೆಲಸಗಾರನೊಬ್ಬ ಕೇಳುತ್ತಿದ್ದ: ‘ನಿದ್ದಿ ಹತ್ತವಲ್ದ್ರೀ, ಆ ಮೆಲೊಟಿನ್ ಗುಳಿಗಿ ಕೊಡ್ರಿ.’ ಮಾತಿನಲ್ಲಿ ಒಂದಕ್ಷರ ಉದುರಿತ್ತು, ಅರ್ಥವೂ ಕೊಂಚ ಜಾರಿತ್ತು. ಇದು ಮತ್ತು ಬರಿಸುವ ಮದ್ದಲ್ಲ. ಕತ್ತಲಾಯಿತೆಂದು ಮೈಗೆಲ್ಲ ಡಂಗುರ ಸಾರುವ ಹಾರ್ಮೋನು. ಮಿದುಳಿನ ಪೀನಿಯಲ್ ಗ್ರಂಥಿ ಇದನ್ನು ಸುರಿಸುವುದು ಇರುಳಲ್ಲಿ. ಕಣ್ಣಿಗೆ ಬೆಳಕು ಬಿದ್ದರೆ ಒಸರು ಇಳಿಯುತ್ತದೆ.

ಹೆಸರಿಟ್ಟದ್ದು ಮಾತ್ರ ನಿದ್ದೆಗಾಗಿ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ 1958ರಲ್ಲಿ ದನದ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದ. ಕಪ್ಪೆಯ ಚರ್ಮಕ್ಕೆ ತಾಗಿಸಿದರೆ ಬಣ್ಣದ ಕಣಗಳು ಮುದುಡಿ ಚರ್ಮ ಬಿಳಿಚುತ್ತಿತ್ತು. ಹೆಸರಿನ ತಲೆ ಗ್ರೀಕಿನ ‘ಮೆಲಾಸ್’, ಎಂದರೆ ಕಪ್ಪು. ಬಾಲ ಸೆರೊಟೋನಿನ್ ಎಂಬ ರಾಸಾಯನಿಕದ್ದು, ಏಕೆಂದರೆ ಮೈಯಲ್ಲಿ ಇದು ಹುಟ್ಟುವುದೇ ಅದರಿಂದ. ಬಿಳಿಚಿಸುವುದಕ್ಕೆ ಕಪ್ಪಿನ ಹೆಸರು! ಚರ್ಮದ ಬಣ್ಣವಾದ ಮೆಲನಿನ್, ವಿಷಾದವೆಂಬ ಮೆಲಂಕಲಿ (ಮೂಲದಲ್ಲಿ ಕಪ್ಪು ಪಿತ್ತ) ಇದರ ದಾಯಾದಿಗಳು.

ಇನ್ನು ನಮ್ಮ ‘ನಿದ್ದೆ’ ಎಂಬ ಮಾತು ಸಂಸ್ಕೃತದ ‘ನಿದ್ರಾ’ದ ತದ್ಭವ, ಹಿಂದಿಯಲ್ಲಿ ನೀಂದ್, ಶ್ರೀರಾಮನಗರದ ತೆಲುಗು ಮನೆಗಳಲ್ಲಿ ನಿದ್ರ, ನಿದುರ. ಅಚ್ಚಗನ್ನಡದ ‘ಒರಗು’ ತಮಿಳಿನ ‘ಉರಂಗು’ವಿನ ನಂಟ. ತಮಿಳರು ಉರಂಗಿದರೆ ನಿದ್ದೆಯೇ. ನಾವೀಗ ಒರಗುವುದು ಹೆಚ್ಚಾಗಿ ಗೋಡೆಗೆ.