ಪೊಟ್ಟಣದ ಕಾಗದದಲ್ಲಿ ನಮ್ಮ ಸುದ್ದಿ ಇತ್ತೇ?

ಪತ್ರಿಕೆ ಅನ್ನೋದು ನಮ್ಮ ಕೇರಿಗೆ ಮೊದಲು ಬಂದದ್ದು ಸುದ್ದಿಯಾಗಿ ಅಲ್ಲ, ಪೊಟ್ಟಣವಾಗಿ. ಅವ್ವ ಸಂತೆಯಿಂದ ತರುತ್ತಿದ್ದ ಕಡ್ಲೆಪುರಿ, ಬೆಲ್ಲ, ಒಣಮೀನು ಕಟ್ಟಿದ ಕಾಗದ ಅದು. ತಿಂದಾದ ಮೇಲೆ ಆ ಕಾಗದವನ್ನು ತೊಡೆ ಮೇಲೆ ನೀವಿ ಸರಿಮಾಡಿ, ಅಕ್ಷರ ಕೂಡಿಸಿ ಓದುತ್ತಿದ್ದೆ. ಜೀತದಿಂದ ಬಂದು ಕುಂತಿದ್ದ ಅಪ್ಪ ಒಂದಿನ ಕೇಳಿದ: ‘ಅದ್ರಲ್ಲಿ ನಮ್ ವಿಷ್ಯ ಏನಾರ ಬರ್ದವ್ರೇನ್ಲಾ?’

ಬರೆದಿರಲಿಲ್ಲ.

ಮುಂದೆ ಒಂದು ಸಲ ಬರೆದರು. ನಮ್ಮ ಕೇರಿಯ ಹೆಣ್ಣುಮಕ್ಕಳು ಊರಮುಂದಲ ಕೊಳಾಯಿಗೆ ಬಿಂದಿಗೆ ಇಟ್ಟರು ಅಂತ ಊರವರು ಬಂದು ಹೊಡೆದರು. ಬಿಂದಿಗೆ ಚಚ್ಚಿದರು, ಒಬ್ಬಳ ಕೈ ಮುರಿಯಿತು. ಮೂರು ದಿನದ ಮೇಲೆ ಒಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು: ನೀರಿನ ವಿಚಾರಕ್ಕೆ ಎರಡು ಗುಂಪುಗಳ ನಡುವೆ ಘರ್ಷಣೆ, ಪರಿಸ್ಥಿತಿ ಹತೋಟಿಯಲ್ಲಿದೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ ಅಂತ ಬರೆದವನು ವಾದ ಮಾಡಬಹುದು. ಆದರೆ ಹೊಡೆದವನು, ಹೊಡೆಸಿಕೊಂಡವಳು ಇಬ್ಬರೂ ‘ಗುಂಪು’ ಆಗಿಬಿಟ್ಟರೆ ಉಳಿಯೋದೇನು? ‘ಹಲ್ಲೆ ನಡೆದಿದೆ’ ಅಂತ ಬರೀತಾರೆ. ಹಲ್ಲೆ ತಾನಾಗೇ ನಡೆಯುತ್ತದೆಯೆ? ಅದಕ್ಕೆ ಕಾಲಿವೆಯೆ? ಕರ್ತೃವನ್ನು ನುಂಗಿದ ಈ ವ್ಯಾಕರಣ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಚರಿತ್ರೆ ನೋಡಬೇಕು ಗೆಳೆಯರೇ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದ. ಪತ್ರಿಕೆ ಓದಬೇಕಾದರೆ ಅಕ್ಷರ ಬೇಕು. ಅಕ್ಷರ ಯಾರ ಮನೆಯಲ್ಲಿತ್ತು? ಅಚ್ಚಿನ ಮೊಳೆಗೆ ಜಾತಿ ಇಲ್ಲ, ನಿಜ. ಮೊಳೆ ಜೋಡಿಸುವ ಕೈಗೆ, ಬರೆಯುವ ಕೈಗೆ, ದುಡ್ಡು ಹಾಕುವ ಕೈಗೆ ಇತ್ತು. ಮುಂದೆ ಪತ್ರಿಕೆಗಳು ಬ್ರಿಟಿಷರನ್ನು ಎದುರಿಸಿದವು, ಸಂಪಾದಕರು ಜೈಲು ಕಂಡರು. ಅದನ್ನು ಸಣ್ಣದು ಮಾಡಬೇಕಾಗಿಲ್ಲ. ಆದರೆ ಬಿಳಿಯ ದೊರೆಯ ಮುಂದೆ ಎದೆ ಸೆಟೆಸಿದ ಲೇಖನಿ, ಊರ ಬಾವಿಯ ಮುಂದೆ ಯಾಕೆ ತಲೆ ತಗ್ಗಿಸಿತು?

1920ರ ಜನವರಿ 31ರಂದು ಮುಂಬಯಿಯಲ್ಲಿ ಬಾಬಾಸಾಹೇಬರು ‘ಮೂಕನಾಯಕ’ ಎಂಬ ಮರಾಠಿ ಪಾಕ್ಷಿಕ ಶುರುಮಾಡಿದರು. ಮೂಗರ ನಾಯಕ! ಆಗ ಅವರು ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಮೇಷ್ಟ್ರು. ಸರ್ಕಾರಿ ನೌಕರಿಯಲ್ಲಿದ್ದುದರಿಂದ ಸಂಪಾದಕರಾಗಿ ಪಾಂಡುರಂಗ ಭಟಕರ್ ಹೆಸರಿತ್ತು. ಕೊಲ್ಲಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟರು. ಈ ಪತ್ರಿಕೆ ಬರ್ತಾ ಇದೆ ಅಂತ ಒಂದು ಜಾಹೀರಾತು ಹಾಕಿ ಅಂತ ತಿಲಕರು ಕಟ್ಟಿದ ‘ಕೇಸರಿ’ಯನ್ನು ಕೇಳಿದರು. ಪುಕ್ಕಟೆ ಅಲ್ಲ, ದುಡ್ಡು ಕೊಟ್ಟು. ‘ಕೇಸರಿ’ ಹಾಕಲಿಲ್ಲ. ತಿಲಕರು ಆಗ ಬದುಕಿದ್ದರು. ಸ್ವರಾಜ್ಯ ಜನ್ಮಸಿದ್ಧ ಹಕ್ಕು ಎಂದವರ ಪತ್ರಿಕೆಯಲ್ಲಿ ಅಸ್ಪೃಶ್ಯನ ದುಡ್ಡಿಗೂ ಮೈಲಿಗೆ!

ಮೊದಲ ಸಂಚಿಕೆಯಲ್ಲೇ ಬಾಬಾಸಾಹೇಬರು ಹೇಳಿದರು: ಹಿಂದೂ ಸಮಾಜ ಹಲವು ಅಂತಸ್ತಿನ ಗೋಪುರ, ಅದಕ್ಕೆ ಮೆಟ್ಟಿಲೇ ಇಲ್ಲ, ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ಮುಂಬಯಿ ಪ್ರಾಂತ್ಯದ ಪತ್ರಿಕೆಗಳು ಒಂದೊಂದು ಜಾತಿಯ ಹಿತವನ್ನಷ್ಟೇ ನೋಡುತ್ತವೆ ಅಂತಲೂ ಎಚ್ಚರಿಸಿದರು. ಆ ವರ್ಷವೇ ಅವರು ಓದಲು ಲಂಡನ್ನಿಗೆ ಹೋದರು. ದುಡ್ಡಿಲ್ಲದೆ, ಹೊಣೆ ಹೊತ್ತವರ ಜಗಳದಲ್ಲಿ, 1923ರ ಹೊತ್ತಿಗೆ ‘ಮೂಕನಾಯಕ’ ನಿಂತುಹೋಯಿತು.

ಮುಂದಿನದು ಮಹಾಡ್. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆ ಚೌದಾರ್ ಕೆರೆ ತೆರೆದಿದೆ ಅಂತ 1924ರಲ್ಲಿ ಸಾರಿತ್ತು. ಎಲ್ಲ ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ಕೆರೆಯ ನೀರು ಕುಡಿದರು. ಆಮೇಲೆ ಊರಲ್ಲಿ ಒಂದು ಗಾಳಿಮಾತು ಎದ್ದಿತು: ಇವರು ಈಗ ವೀರೇಶ್ವರ ಗುಡಿಗೆ ನುಗ್ಗುತ್ತಾರಂತೆ! ಯಾರೂ ನುಗ್ಗುವವರಿರಲಿಲ್ಲ. ಆದರೆ ‘ಅಂತೆ’ ಸಾಕಾಯಿತು. ಲಾಠಿ ದೊಣ್ಣೆ ಬಂದವು. ಪೆಂಡಾಲಿನಲ್ಲಿ ಉಣ್ಣುತ್ತಿದ್ದವರನ್ನು, ಹಳ್ಳಿಯ ದಾರಿ ಹಿಡಿದವರನ್ನು ಬಡಿದರು. ಆಮೇಲೆ 108 ಕೊಡ ಸೆಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು.

ಎರಡು ವಾರಕ್ಕೆ, 1927ರ ಏಪ್ರಿಲ್ 3ರಂದು, ‘ಬಹಿಷ್ಕೃತ ಭಾರತ’ದ ಮೊದಲ ಸಂಚಿಕೆ ಬಂತು. ಈ ಎರಡು ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗಾಳಿಮಾತಿನಿಂದ ಏಟು ತಿಂದ ಜನ, ತಮ್ಮ ಮಾತನ್ನು ಅಚ್ಚಿಗೆ ಹಾಕಿದರು. ಬೇರೆ ಪತ್ರಿಕೆಗಳ ಆಕ್ಷೇಪಣೆಗಳನ್ನು ಬಾಬಾಸಾಹೇಬರು ಎತ್ತಿಕೊಂಡು, ಒಂದೊಂದಕ್ಕೂ ಕಾನೂನು, ಶಾಸ್ತ್ರ, ಚರಿತ್ರೆ ಇಟ್ಟು ಜವಾಬು ಬರೆದರು. ಬರೆಯೋರಿಲ್ಲದೆ ಇಪ್ಪತ್ನಾಲ್ಕು ಕಾಲಮ್ಮುಗಳನ್ನೂ ಒಬ್ಬರೇ ತುಂಬಿಸಬೇಕಾದ ಕಾಲವೂ ಬಂತು. ಅದೂ 1929ರಲ್ಲಿ ನಿಂತಿತು. 1930ರಲ್ಲಿ ‘ಜನತಾ’ ಬಂತು. ಅದೇ 1956ರಲ್ಲಿ ‘ಪ್ರಬುದ್ಧ ಭಾರತ’ವಾಯಿತು. ಮೂಗ, ಬಹಿಷ್ಕೃತ, ಜನತೆ, ಪ್ರಬುದ್ಧ: ಈ ಹೆಸರುಗಳೇ ಒಂದು ಚರಿತ್ರೆ. ಚೌದಾರ್ ಕೆರೆಯ ಮೊಕದ್ದಮೆ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ.

1943ರಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುತ್ತಾ ಬಾಬಾಸಾಹೇಬರು ಪತ್ರಿಕೆಗಳನ್ನು ನೇರ ಹಿಡಿದರು. ಒಂದು ಕಾಲಕ್ಕೆ ವೃತ್ತಿಯಾಗಿದ್ದ ಪತ್ರಿಕೋದ್ಯಮ ಈಗ ವ್ಯಾಪಾರವಾಗಿದೆ, ಸಾಬೂನು ತಯಾರಿಕೆಗಿರುವಷ್ಟೇ ನೀತಿ ಅದಕ್ಕಿದೆ, ನಾಯಕಪೂಜೆಯೇ ಅದರ ಕಸುಬಾಗಿದೆ ಎಂಬುದು ಅವರ ಮಾತಿನ ಸಾರ. ಇವತ್ತಿನ ಟೀವಿ ಮುಂದೆ ಕುಂತು ಈ ಮಾತು ನೆನೆಸಿಕೊಳ್ಳಿ. ಬೇರೆ ವ್ಯಾಖ್ಯಾನ ಬೇಕಿಲ್ಲ.

ನಮ್ಮ ನಾಡಿನಲ್ಲಿ 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ರಾಜ್ಯವೆಲ್ಲ ಹೊತ್ತಿ ಉರಿಯಿತು. ದಲಿತ ಹುಡುಗರ ಮೇಲೆ ಏಟು ಬಿತ್ತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಅವರು ಯಾಕೆ ಹಾಗಂದರು ಅಂತ ಕೇಳುವ ತಾಳ್ಮೆ ಎಷ್ಟು ಜನಕ್ಕಿತ್ತು? ಆ ಗಾಯದಿಂದಲೇ ದಲಿತ ಸಂಘರ್ಷ ಸಮಿತಿ, ‘ಪಂಚಮ’ದಂಥ ಪತ್ರಿಕೆ ಬಲ ಪಡೆದವು. ಮಹಾಡ್‌ನ ಪಾಠವೇ ಇಲ್ಲೂ: ಏಟು ಬಿದ್ದ ಮೇಲೆ ಪತ್ರಿಕೆ.

ಆಮೇಲೇನಾದರೂ ಬದಲಾಯಿತೆ? 1996ರಲ್ಲಿ ಬಿ. ಎನ್. ಉನಿಯಾಲ್ ಎಂಬ ಪತ್ರಕರ್ತ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಹೊರಟರು. ಸಿಗಲಿಲ್ಲ. ಅದನ್ನೇ ಬರೆದರು. 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಮೇಲಿನ ಹುದ್ದೆಯವರ ಸಮೀಕ್ಷೆ ಆಯಿತು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಸೊನ್ನೆ. ಆದರೆ 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಣ್ಣುಮಕ್ಕಳು, ಅವರಲ್ಲಿ ಹೆಚ್ಚಿನವರು ದಲಿತರು, ತಮ್ಮ ಬುಂದೇಲಿ ನುಡಿಯಲ್ಲೇ ‘ಖಬರ್ ಲಹರಿಯಾ’ ಶುರುಮಾಡಿದರು. ಅವರಿಗೆ ಆಗುತ್ತದೆ ಅಂದರೆ ನಮಗೆ ಯಾಕಾಗಲ್ಲ?

ಈಗ ಎಲ್ಲರ ಕೈಲೂ ಫೋನಿದೆ. ಮಹಾಡ್‌ನಲ್ಲಿ ಬೀದಿ ಬೀದಿ ಓಡಬೇಕಾಗಿದ್ದ ‘ಅಂತೆ’ ಈಗ ಒಂದು ಬೆರಳಿಗೆ ಜಿಲ್ಲೆ ತುಂಬುತ್ತದೆ. ಇಲ್ಲಿ ನಮಗೆ ನಾವೇ ಕಠಿಣ ಮಾತು ಹೇಳಿಕೊಳ್ಳಬೇಕು. ನಮ್ಮ ಕಡೆಯ ‘ಅಂತೆ’ಯೂ ‘ಅಂತೆ’ಯೇ. ನೋವು ನಮ್ಮದು ಅಂದಮಾತ್ರಕ್ಕೆ ಲೆಕ್ಕ ತಪ್ಪಬಾರದು. ಇಬ್ಬರಿಗೆ ಏಟು ಬಿದ್ದರೆ ಇಬ್ಬರು ಅಂತಲೇ ಬರೆಯಬೇಕು. ಹತ್ತು ಅಂದರೆ, ಎಂಟು ಸುಳ್ಳು ಹಿಡಿದು ಆ ಎರಡು ನಿಜವನ್ನೂ ಹೂತುಬಿಡುತ್ತಾರೆ. ನೊಂದ ಹೆಣ್ಣುಮಗಳ ಫೋಟೋ ಹಾಕಿ ಕಣ್ಣೀರು ಮಾರೋದು ನಮ್ಮವರು ಮಾಡಿದರೂ ದ್ರೋಹವೇ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ತಮ್ಮ ತಂಗಿಯರೇ, ದೊಡ್ಡ ಅಚ್ಚಿನಮನೆ ಬೇಕಿಲ್ಲ. ಒಂದು ನೋಟ್‌ಬುಕ್ ಇಡಿ. ಏನಾಯಿತು, ಎಲ್ಲಿ, ಯಾವತ್ತು, ಯಾರು ಮಾಡಿದರು, ಯಾರು ನೋಡಿದರು ಅಂತ ಹೋಗಿ ಕೇಳಿ ಬರೆಯಿರಿ. ಹೊಡೆದವನ ಮಾತನ್ನೂ ಕೇಳಿ. ‘ಹಲ್ಲೆ ನಡೆದಿದೆ’ ಅನ್ನಬೇಡಿ, ‘ಹೊಡೆದರು’ ಅನ್ನಿ, ಯಾರು ಅಂತ ಗೊತ್ತಿದ್ದು ಸಾಕ್ಷಿ ಇದ್ದರೆ ಹೆಸರು ಹೇಳಿ. ಸಣ್ಣ ಪತ್ರಿಕೆಯ ಚಂದಾ ಬಾಕಿ ಇದ್ದರೆ ಕಟ್ಟಿ. ‘ಮೂಕನಾಯಕ’ ನಿಂತದ್ದು ದುಡ್ಡಿಲ್ಲದ್ದಕ್ಕೂ ಹೌದು.

ಅಪ್ಪ ಈಗಿಲ್ಲ. ‘ನಮ್ ವಿಷ್ಯ ಏನಾರ ಬರ್ದವ್ರೇನ್ಲಾ’ ಅಂತ ಅವನು ಕೇಳಿದ್ದು ಅವರನ್ನು. ಈಗ ಆ ಪ್ರಶ್ನೆ ನಮಗೆ.