ಕೊಡೇಕಲ್ ಸೀಮೆಯ ಹಬ್ಬದ ರೊಟ್ಟಿಗಳು

ಶಾಸನಗಳಿಂದ ಚರಿತ್ರೆಯನ್ನು ಕಟ್ಟುವ ನಾವು ಹಂಚಿನ ಮೇಲಿನ ರೊಟ್ಟಿಯನ್ನು ಆಧಾರವೆಂದು ಎಣಿಸುವುದು ವಿರಳ. ಆದರೆ ಕೃಷ್ಣೆಗೆ ಸಮೀಪದ ಕೊಡೇಕಲ್ಲಿನಂಥ ಊರುಗಳಲ್ಲಿ ಯಾವ ಹಬ್ಬಕ್ಕೆ ಯಾವ ಧಾನ್ಯವೆಂಬ ಕಟ್ಟಳೆಯು ಒಕ್ಕಲುತನದ ಇತಿಹಾಸವನ್ನು ಸ್ಪಷ್ಟವಾಗಿ ಉಳಿಸಿಕೊಂಡಿದೆಯೆಂಬುದು ನಮ್ಮ ಅಭಿಪ್ರಾಯ.

ಯುಗಾದಿಗೂ ಹೋಳಿಗೂ ಗೋದಿಯ ಹೋಳಿಗೆಯೇ ಆಗಬೇಕು. ಗೋದಿಗೆ ಈ ಮಾನ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೋದಿಹಿಟ್ಟಿನ ಮಂಡಕ, ಪೋಳಿಕಾಗಳ ವಿವರಣೆಯಿದೆ. ಮಂಡಕವೆಂಬ ಹೆಸರು ಬೆಳಗಾವಿ ಕಡೆಯ ಮಂಡಿಗೆಯಲ್ಲಿ ಇಂದಿಗೂ ಉಳಿದಿದೆ.

ಹೊಲದ ಹಬ್ಬಗಳ ರೀತಿಯೇ ಬೇರೆ. ಎಳ್ಳಮಾವಾಸ್ಯೆಗೂ ಸಂಕ್ರಾಂತಿಯ ಮುನ್ನಾದಿನದ ಭೋಗಿಗೂ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬೇಕು. ಕಾರಣವು ಹೊಲದಲ್ಲಿಯೇ ಇದೆ: ಸಜ್ಜೆ, ಎಳ್ಳುಗಳೆರಡೂ ಮುಂಗಾರಿಯ ಬೆಳೆಗಳು, ಆ ವೇಳೆಗೆ ಅವು ಮನೆ ಸೇರಿರುತ್ತವೆ, ಹಿಂಗಾರಿಯ ಬಿಳಿಜೋಳ ಮಾತ್ರ ಎರೆಹೊಲದಲ್ಲಿ ನಿಂತಿರುತ್ತದೆ. ಒಕ್ಕಲಿಗನು ಬುತ್ತಿ ಕಟ್ಟಿಕೊಂಡು ಹೋಗಿ, ಆ ನಿಂತ ಪೈರಿಗೇ ಚರಗ ಚೆಲ್ಲುತ್ತಾನೆ. ಸಜ್ಜೆಹಿಟ್ಟಿಗೆ ಗೋದಿಯ ಜಿಗಿಯಿಲ್ಲ. ಕುದಿನೀರಿನಲ್ಲಿ ನಾದಿ ಅಂಗೈಯಿಂದಲೇ ಬಡಿಯಬೇಕು. ಹಿಟ್ಟು ಬೇಗನೆ ಕಹಿಯಾಗುವುದರಿಂದ ಹಬ್ಬಕ್ಕೆಂದೇ ಬೀಸಬೇಕು. ಕಡಕ್ಕಾಗಿ ಒಣಗಿಸಿದ ರೊಟ್ಟಿಯಾದರೋ ಹಲವು ದಿನ ಕೆಡದು. ಇದನ್ನು ಬಡವರ ಊಟವೆಂದು ಕಡೆಗಣಿಸುವವರು ಅದರೊಡನೆ ಬಡಿಸುವ ಗುರೆಳ್ಳು ಹಿಂಡಿಯನ್ನೂ ಭೋಗಿಯ ಕಾಯಿಪಲ್ಯವನ್ನೂ ಉಂಡಿರಲಾರರು!

ಪಶ್ಚಿಮಕ್ಕೆ ಸರಿದರೆ ಧಾರವಾಡ, ಗದಗುಗಳ ಕಡೆ ರೊಟ್ಟಿಯ ಹಬ್ಬವು ನಾಗರಪಂಚಮಿಗೆ ಅಂಟಿಕೊಂಡಿದೆ; ಅಲ್ಲಿ ಕಡಕ್ ಜೋಳದ ರೊಟ್ಟಿಗಳನ್ನು ಪಲ್ಯಗಳೊಡನೆ ನೆರೆಮನೆಗಳಿಗೆ ಬೀರುತ್ತಾರೆ. ಹಳೆಯ ಮೈಸೂರಿನ ಸಂಕ್ರಾಂತಿಯಲ್ಲಿ ಬೀರುವುದು ಎಳ್ಳುಬೆಲ್ಲವನ್ನು. ರೊಟ್ಟಿಗೆ ಅಲ್ಲಿ ಆ ಸ್ಥಾನವಿಲ್ಲ.

ಧಾನ್ಯಗಳ ಇಂಥ ತರತಮವು ಹೊರನಾಡುಗಳಲ್ಲಿಯೂ ಉಂಟು. ಮೆಕ್ಸಿಕೋದಲ್ಲಿ ನಿತ್ಯದ ರೊಟ್ಟಿ ಮೆಕ್ಕೆಜೋಳದ್ದು. ಆದರೆ ಮೃತರ ದಿನದ ರೊಟ್ಟಿಯೂ ಜನವರಿ 6ರ ಬಳೆಯಾಕಾರದ ರೊಟ್ಟಿಯೂ 16ನೆಯ ಶತಮಾನದಲ್ಲಿ ಸ್ಪೇನಿನವರು ತಂದ ಗೋದಿಯವು. ಅಲ್ಲಿಯೂ ಒಡೆಯರ ಧಾನ್ಯವೇ ಹಬ್ಬದ ರೊಟ್ಟಿಯಾಯಿತು. ಕನ್ನಡನಾಡಿನಲ್ಲಿ ಜೋಳವೂ ಹಿಂದುಳಿದಿರಲಿಲ್ಲ: ಅನ್ನವಿತ್ತ ಒಡೆಯನಿಗೆ ಸಲ್ಲಿಸಬೇಕಾದ ಋಣಕ್ಕೆ ನಮ್ಮ ಪ್ರಾಚೀನರು ಜೋಳವಾಳಿಯೆಂದೇ ಹೆಸರಿಟ್ಟರು, ಗೋದಿಯ ಹೆಸರನ್ನು ಎತ್ತಲಿಲ್ಲ.

ನಾರಾಯಣಪುರದ ಬಸವಸಾಗರ ಜಲಾಶಯವು 1982ರಲ್ಲಿ ಸಿದ್ಧವಾದ ಬಳಿಕ ಕಾಲುವೆಯ ನೀರು ಹರಿದ ಹೊಲಗಳಲ್ಲಿ ಭತ್ತ ಹಬ್ಬಿತು. ಸಜ್ಜೆ ಬಿತ್ತುವುದನ್ನು ಬಿಟ್ಟ ಮನೆಯವರು ಭೋಗಿಗೆ ಅದನ್ನು ಸಂತೆಯಿಂದ ಕೊಂಡು ತರುತ್ತಾರೆ. ಗದ್ದೆಯ ಅಕ್ಕಿ ಚೀಲಗಟ್ಟಲೆ ಮನೆಯಲ್ಲಿದ್ದರೂ ಆ ದಿನ ಹಂಚಿನ ಮೇಲೆ ಬೇಯುವುದು ಸಜ್ಜೆಯೇ.