ಶ್ರೀರಂಗಪಟ್ಟಣದ ಕೋಟೆ, ಮೈಸೂರಿನ ಪ್ರಧಾನಾಲಯ: ಒಂದು ದಿನದ ಚರಿತ್ರಯಾತ್ರೆ

ಚಾಮರಾಜನಗರ, ಗುಂಡ್ಲುಪೇಟೆಗಳ ಕಥೊಲಿಕ ಕುಟುಂಬಗಳಲ್ಲಿ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನು ಕಾಣದವರು ವಿರಳ. ಅಲ್ಲಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಕಾವೇರಿಯ ನಡುಗಡ್ಡೆಯ ಮೇಲಿರುವ ಶ್ರೀರಂಗಪಟ್ಟಣದ ಕೋಟೆಯನ್ನು ನಮ್ಮ ಧರ್ಮಸಭೆಯ ಚರಿತ್ರೆಯ ಪುಟವೆಂದು ಬಗೆದು ನೋಡಿದವರೂ ಅಷ್ಟೇ ವಿರಳ. ಈ ಎರಡನ್ನೂ ಒಂದೇ ದಿನದಲ್ಲಿ ನೋಡಬೇಕೆಂಬ ಆಸೆಯಿಂದ ನಾವು ಕೆಲವು ಮಿತ್ರರು, ಚಾಮರಾಜನಗರದವರು ರೈಲಿನಲ್ಲಿಯೂ ಗುಂಡ್ಲುಪೇಟೆಯವರು ಬಸ್ಸಿನಲ್ಲಿಯೂ ಮೈಸೂರಿಗೆ ಬಂದು ಕಲೆತು, ಮೊದಲು ಕೋಟೆಗೂ ಬಳಿಕ ಪ್ರಧಾನಾಲಯಕ್ಕೂ ಹೋದೆವು. ಇದೇ ತಕ್ಕ ಕ್ರಮ. ಚರಿತ್ರೆ ನಡೆದದ್ದೂ ಈ ದಾರಿಯಲ್ಲೇ.

ಶ್ರೀರಂಗಪಟ್ಟಣಕ್ಕೂ ಕ್ರೈಸ್ತ ಧರ್ಮಕ್ಕೂ ಇರುವ ನಂಟು ಟಿಪ್ಪುವಿನ ಕಾಲಕ್ಕಿಂತ ಹಳೆಯದು. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ 17ನೆಯ ಶತಮಾನದ ಮಧ್ಯಭಾಗದಲ್ಲಿಯೇ ಯೇಸುಸಭೆಯ ಇಟಾಲಿಯನ್ ಗುರು ಲೆಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶ ಗ್ರಂಥವನ್ನು ಬರೆದರು. ಕನ್ನಡದ ವ್ಯಾಕರಣವನ್ನೂ ರಚಿಸಿದರು. ನಮ್ಮ ಪ್ರಾರ್ಥನೆಗಳಿಗೆ ಕನ್ನಡದ ನುಡಿ ದೊರೆತ ಚರಿತ್ರೆಯನ್ನು ಬರೆಯುವವರು ಈ ಹೆಸರಿನಿಂದ ಆರಂಭಿಸಬೇಕು.

ಕೋಟೆಯೊಳಗೆ ಕಾಲಿಟ್ಟ ಪ್ರವಾಸಿಗರು ಟಿಪ್ಪುವಿನ ದೇಹ ಸಿಕ್ಕ ಸ್ಥಳವನ್ನೂ, ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೈಲಿಯ ಹೆಸರಿನ ಸೆರೆಮನೆಯನ್ನೂ ತಪ್ಪದೆ ನೋಡುತ್ತಾರೆ. 1784ರಲ್ಲಿ ಕೆನರಾ ಕರಾವಳಿಯಿಂದ ಹಿಡಿತಂದ ಕಥೊಲಿಕರನ್ನು ನೆನೆಯುವವರು ಕಡಿಮೆ. ಇವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಇವರ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡು, ಹೆಂಗಸರು ಮಕ್ಕಳೆನ್ನದೆ ಘಟ್ಟ ಹತ್ತಿಸಿದನು. ಅವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ, 30,000ದಿಂದ 80,000ದವರೆಗೆ ಹೇಳುತ್ತಾರೆ. ದಾರಿಯಲ್ಲಿ ಮಡಿದವರೂ, ಸೆರೆಯಲ್ಲಿ ಬಲವಂತದಿಂದ ಮತ ಬದಲಿಸಿದವರೂ ಅನೇಕರು. ಅದೇ ಟಿಪ್ಪು ಶೃಂಗೇರಿಯ ಮಠಕ್ಕೆ ಕಾಣಿಕೆ ಕಳುಹಿಸಿದನೆಂಬುದೂ, ಆತನ ಅರಮನೆಯ ಸಮೀಪದಲ್ಲೇ ಶ್ರೀರಂಗನಾಥನ ದೇಗುಲ ಉಳಿದು ಬಂದಿದೆಯೆಂಬುದೂ ನಿಜ. ದ್ವೇಷ ಬಿತ್ತುವುದಕ್ಕಾಗಿ ಈ ಸೆರೆಯ ಕಥೆಯನ್ನು ಹೇಳುವವರನ್ನೂ, ಅಂಥದೊಂದು ನಡೆಯಲೇ ಇಲ್ಲವೆನ್ನುವವರನ್ನೂ ನಾನು ಒಪ್ಪಲಾರೆ.

1799ರ ಮೇ 4ರಂದು ಕೋಟೆ ಬಿದ್ದಿತು. ಬದುಕುಳಿದ ಸೆರೆಯಾಳುಗಳಲ್ಲಿ ಬಹುಮಂದಿ ಕರಾವಳಿಗೆ ಮರಳಿದರು. ಚದುರಿಹೋಗಿದ್ದ ಮೈಸೂರು ಸೀಮೆಯ ವಿಶ್ವಾಸಿಗಳನ್ನು ಒಟ್ಟುಗೂಡಿಸುವ ಭಾರವು ಪ್ಯಾರಿಸ್ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಗುರು ಅಬ್ಬೆ ದ್ಯುಬುವಾ ಅವರ ಹೆಗಲೇರಿತು. 1792ರಲ್ಲಿ ಭಾರತಕ್ಕೆ ಬಂದಿದ್ದ ಇವರು ಈ ನಾಡಿನ ಉಡುಪನ್ನು ಉಟ್ಟು, ಮಾಂಸಾಹಾರವನ್ನು ಬಿಟ್ಟು, ಜನರ ನಡುವೆ ಜನರಂತೆಯೇ ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯೆಂದು ಕರೆದರು. ಬಲವಂತಕ್ಕೆ ಸಿಲುಕಿ ವಿಶ್ವಾಸವನ್ನು ತೊರೆದಿದ್ದವರನ್ನು ಅವರು ಮರಳಿ ಸಭೆಗೆ ಸೇರಿಸಿಕೊಂಡರು. ನೆಲೆಯಿಲ್ಲದವರಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಸಿಡುಬಿನ ಭಯ ಕವಿದಿದ್ದ ಕಾಲದಲ್ಲಿ, 1803-04ರಲ್ಲಿ, 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕುವ ಕಾರ್ಯವನ್ನು ನಡೆಸಿದರು. ಜೆನ್ನರನು ಈ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು 1798ರಲ್ಲಿ; ಐದಾರು ವರ್ಷಗಳಲ್ಲಿ ಅದು ನಮ್ಮ ಹಳ್ಳಿಗಾಡನ್ನು ತಲುಪಿದ್ದರ ಹಿಂದೆ ಒಬ್ಬ ಗುರುವಿನ ದುಡಿಮೆಯೂ ಇತ್ತು. ನಡುಗಡ್ಡೆಯ ಪೂರ್ವಕ್ಕಿರುವ ಗಂಜಾಮಿನಲ್ಲಿ ಅವರು 1800ರ ಸುಮಾರಿಗೆ ಕಟ್ಟಿಸಿದ ದೇವಾಲಯವು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪುಟ್ಟ ಕಟ್ಟಡ, ಗುಂಬಜನ್ನು ನೋಡುವ ಅವಸರದಲ್ಲಿ ಇದನ್ನು ದಾಟಿಹೋಗುವವರೇ ಬಹಳ. ನಾವು ಅಲ್ಲಿ ಜಪಸರವನ್ನು ಹೇಳಿ ಹೊರಟೆವು.

ಈ ಮಹನೀಯರ ವಿಷಯದಲ್ಲಿ ಆಲೋಚಿಸಬೇಕಾದ ಸಂಗತಿಯೊಂದುಂಟು. ಮೂವತ್ತೊಂದು ವರ್ಷಗಳ ಸೇವೆಯ ಬಳಿಕ 1823ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಭಾರತದಲ್ಲಿ ಕ್ರೈಸ್ತ ಧರ್ಮ ಬೇರೂರುವ ಆಸೆಯಿಲ್ಲವೆಂಬ ಭಾವವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಅವರು ಹೊರಟ ಇಪ್ಪತ್ತೇ ವರ್ಷಗಳಲ್ಲಿ, 1843ರಲ್ಲಿ, ಈಗಿನ ಪ್ರಧಾನಾಲಯವಿರುವ ಸ್ಥಳದಲ್ಲಿ ಮೈಸೂರಿನ ಹಳೆಯ ದೇವಾಲಯ ಎದ್ದಿತು. ಆಗ ದೊಡ್ಡಸ್ವಾಮಿಗಳು ಪ್ಯಾರಿಸಿನಲ್ಲಿ ಇನ್ನೂ ಜೀವಿಸಿದ್ದರು. ಅವರು ದೈವಾಧೀನರಾದುದು 1848ರಲ್ಲಿ.

ಆ ಹಳೆಯ ದೇವಾಲಯ ಎದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅರಿಕುಠಾರವೆಂಬ ಊರಿಗೆ 1818ರಲ್ಲಿ ತಮ್ಮ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟವರೂ ಇವರೇ ಎಂಬುದನ್ನು ನಮ್ಮ ಊರಿನ ವಾಚಕರು ಗಮನಿಸುವುದು ಉಚಿತ. 1886ರಲ್ಲಿ ಮೈಸೂರು ಧರ್ಮಪ್ರಾಂತ ಸ್ಥಾಪನೆಯಾಯಿತು. 1926ರಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು ಪೋಪರ ಪ್ರತಿನಿಧಿಯಿಂದ ಸಂತ ಫಿಲೋಮಿನಾಳ ಪವಿತ್ರಾವಶೇಷವನ್ನು ಪಡೆದು ತಂದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ದೇವಾಲಯಕ್ಕೆ ಶಿಲಾನ್ಯಾಸ ಮಾಡಿದರು. ಜರ್ಮನಿಯ ಕೊಲೋನ್ ನಗರದ ಪ್ರಧಾನಾಲಯವನ್ನು ನೆನಪಿಗೆ ತರುವ ಗಾಥಿಕ್ ಶೈಲಿ, ಶಿಲುಬೆಯಾಕಾರದ ತಳವಿನ್ಯಾಸ, 175 ಅಡಿ ಎತ್ತರದ ಜೋಡಿ ಗೋಪುರಗಳು, ಯೇಸುಸ್ವಾಮಿಯ ದೀಕ್ಷಾಸ್ನಾನ, ಕಡೆಯ ಭೋಜನ, ಪುನರುತ್ಥಾನಗಳನ್ನು ಚಿತ್ರಿಸಿದ ಬಣ್ಣದ ಗಾಜಿನ ಕಿಟಕಿಗಳು: ಇವನ್ನೆಲ್ಲ ಬಲ್ಲವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. 1961ರಲ್ಲಿ ರೋಮಿನ ಆದೇಶದಂತೆ ಸಂತಳ ಹಬ್ಬವನ್ನು ಪೂಜಾಪಂಚಾಂಗದಿಂದ ತೆಗೆದುಹಾಕಿದರೂ ನೆಲಮಾಳಿಗೆಯಲ್ಲಿರುವ ಆಕೆಯ ಪ್ರತಿಮೆಯ ಮುಂದೆ ಭಕ್ತರ ಸಾಲು ಕರಗಿಲ್ಲ. ಆ ಸಾಲಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು.

ಪ್ರಧಾನಾಲಯದ ಅಭಿಷೇಕ ನಡೆದದ್ದು 1941ರಲ್ಲಿ. ಅಡಿಗಲ್ಲಿಟ್ಟ ಮಹಾರಾಜರು ಅದನ್ನು ಕಾಣಲಿಲ್ಲ. 1940ರ ಆಗಸ್ಟ್ 3ರಂದೇ ಅವರು ಸ್ವರ್ಗಸ್ಥರಾಗಿದ್ದರು.